ಹದಿನೇಳನೇ ನಾರ್ಮಲ್ ತಲೆ

ಮಾರ್ಚ್ 4, ಮಂಗಳವಾರ

ಇವತ್ತು ಆರು ತಲೆ. ಟೇಪಿನಲ್ಲಿ ಅಳೆದು, ಗುರುತು ಹಾಕಿ, ಪೇಸ್ಟ್ ಹಚ್ಚಿ, ಮಿದುಳಿನ ಅಲೆ ಹಿಡಿಯಲು ಇಪ್ಪತ್ತೊಂದು ವೈರು. ಇಪ್ಪತ್ತಾರು ವರ್ಷದಿಂದ ಇದೇ. ಐದನೆಯವರು ನಿವೃತ್ತ ಮೇಷ್ಟ್ರು, ಕಣ್ಣು ಮುಚ್ಚಿದ್ದೇ ತಡ, ಗೊರಕೆ. ನಿದ್ದೆಯ ಅಲೆಯೂ ನಿಧಾನ, ಮರೆವಿನ ಕಾಯಿಲೆಯದೂ ನಿಧಾನ. ಎಬ್ಬಿಸುತ್ತಲೇ ಇರಬೇಕು. "ಮೇಷ್ಟ್ರೇ, ಕ್ಲಾಸಲ್ಲಿ ನಿದ್ದೆ ಮಾಡಬಾರ್ದು" ಎಂದೆ. ನಕ್ಕರು.

ಕಂಪ್ಯೂಟರ್ ಹುಡುಗಿ, ಅಲೆ ನೋಡಿ ಕಾಯಿಲೆ ಗುರುತಿಸುವ ಯಂತ್ರಕ್ಕೆ ಪಾಠ ಹೇಳಿಕೊಡುತ್ತಿದ್ದಾಳೆ — ಇದು ಮರೆವು ಶುರುವಾದವರ ತಲೆ, ಇದು ನಾರ್ಮಲ್. ಒಂದು ಬಿಟ್ಟು ಎಲ್ಲ ಸರಿಯಂತೆ.

"ಅಕ್ಕಾ, ಹದಿನೇಳನೇ ನಂಬರ್ ಯಾರದು? ನಾರ್ಮಲ್ ಅಂತ ಬರ್ದಿದೆ. ಪ್ರತಿ ಸಲ ಕಾಯಿಲೆ ಅಂತ ತೋರಿಸತ್ತೆ."

"ಹೆಸರು ಬರೆಯಲ್ಲಮ್ಮ, ನಂಬರ್ ಮಾತ್ರ" ಎಂದೆ.

ಹೋಲಿಸಿ ನೋಡಲು ನಾರ್ಮಲ್ ಜನ ಸಿಗದೆ ಹೋದ ವರ್ಷ ನಾವು ಸಿಬ್ಬಂದಿಯೇ ತಲೆ ಕೊಟ್ಟಿದ್ದೆವು. ಹದಿನೇಳು ನನ್ನದು.

ಮಾರ್ಚ್ 5

ಹೋದ ವರ್ಷ ತಲೆ ಕೊಟ್ಟಾಗ ನಿದ್ದೆ ಬಂದಿರಬೇಕು. ಅಷ್ಟೇ. ಅವತ್ತು ನನ್ನನ್ನು ಯಾರೂ ಎಬ್ಬಿಸಿರಲಿಲ್ಲ... ಎಬ್ಬಿಸುವವಳೇ ನಾನಲ್ಲವೇ. ದೀಪದ ಬುಡ ಕತ್ತಲೆ. ಇವರು "ಯಾಕೆ ಮುಖ ಹೀಗಿದೆ?" ಎಂದರು. ಕಾಲುನೋವು ಎಂದೆ.

ಮಾರ್ಚ್ 12, ಬೆಳಗ್ಗೆ 8.10

ಮಿಷನ್ ಚೆಕ್ ಮಾಡಬೇಕೆಂದು ಸುಳ್ಳು ಹೇಳಿ, ನರ್ಸ್ ಕೈಲಿ ವೈರು ಹಾಕಿಸಿಕೊಂಡೆ. ಗುರುತು ನಾನೇ ಕನ್ನಡಿ ನೋಡಿ ಹಾಕಿದ್ದು. ನಿಮಿಷಕ್ಕೊಮ್ಮೆ ಹೆಸರು ಹಿಡಿದು ಕೂಗು ಎಂದಿದ್ದೆ. ಪಾಪ, ಗಂಟಲು ಹರಿಯುವಂತೆ ಕೂಗಿದಳು. ನಾನು ಒಂದು ಸಲವೂ ತೂಕಡಿಸಲಿಲ್ಲ.

ಅಲೆ ನೋಡಿದೆ. ಎಚ್ಚರದಲ್ಲೂ ನಿಧಾನ. ಹೇಳಲು ಯಂತ್ರವೇ ಬೇಕಿರಲಿಲ್ಲ. ಇದೊಂದರಿಂದ ಏನೂ ತೀರ್ಮಾನ ಆಗುವುದಿಲ್ಲ — ರೋಗಿಗಳಿಗೆ ದಿನವೂ ನಾನೇ ಹೇಳುವ ಮಾತು.

ಅಳು ಬರಲಿಲ್ಲ. ಏನೂ ಬರಲಿಲ್ಲ. ಕೂದಲ ಪೇಸ್ಟ್ ತೊಳೆದೆ. ಆಮೇಲೆ ಏಳು ತಲೆ.

ಮಾರ್ಚ್ 21

ಹುಡುಗಿ ಖುಷಿಯಲ್ಲಿದ್ದಳು. "ಹದಿನೇಳನ್ನ ಅಳಿಸಿಬಿಡ್ತೀನಿ ಅಕ್ಕಾ. ಕೆಟ್ಟ ರೆಕಾರ್ಡಿಂಗು. ಡಾಕ್ಟ್ರೂ ಓಕೆ ಅಂದ್ರು."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕೆಲಸವೂ ಉಳಿಯುತ್ತಿತ್ತು.

ಆದರೆ ಕೆಟ್ಟ ರೆಕಾರ್ಡಿಂಗಂತೆ! ಸಿಟ್ಟು ಬಂತು. ಇಷ್ಟು ದಿನದಲ್ಲಿ ಬಂದದ್ದು ಅದೊಂದೇ. ಇಪ್ಪತ್ತಾರು ವರ್ಷದಲ್ಲಿ ಯಾರೂ ನನಗೆ ಹಾಗೆ ಅಂದಿಲ್ಲ. ಯಾರೂ ಹೇಳಿಕೊಡದೆ ಯಂತ್ರ ತಾನಾಗಿ ಹಿಡಿದ ಮೊದಲ ತಲೆ ಅದು. ಅದನ್ನೇ ತಪ್ಪು ಅನ್ನುತ್ತಾರೆ.

"ಅಳಿಸ್ಬೇಡ. ರೆಕಾರ್ಡಿಂಗ್ ಸರಿಯಿದೆ. ನಾರ್ಮಲ್ ಅಂತ ಬರ್ದಿದ್ದೇ ತಪ್ಪು."

"ನಿಮಗೆ ಹೇಗೆ ಗೊತ್ತು?"

"ನಂದೇ ಅದು."

ಮೌಸ್ ಮೇಲಿಂದ ಕೈ ತೆಗೆದಳು. ಮುಖ ನೋಡಲಿಲ್ಲ, ನನ್ನ ತಲೆ ನೋಡಿದಳು.

ಮಾರ್ಚ್ 22, ಸಂಜೆ 6.30

ಸೋಮವಾರ ಯಜಮಾನರನ್ನು ಕರೆತನ್ನಿ ಎಂದರು ಡಾಕ್ಟರು. "ಇದೊಂದರಿಂದ..." ಎಂದು ಶುರು ಮಾಡಿದರು. ವಾಕ್ಯ ನಾನೇ ಮುಗಿಸಿದೆ.

ಇವರಿಗೆ ಇನ್ನೂ ಹೇಳಿಲ್ಲ. ಗೇಟಿನ ಸದ್ದು. ಬಂದರು. ಚಪ್ಪಲಿ ಬಿಡುತ್ತಿದ್ದಾರೆ. "ಏನೇ, ಅಷ್ಟೊಂದು ಏನು ಬರೀತಿದ್ದೀಯ? ಮರೆತುಹೋಗತ್ತಾ?" ಎಂದು ನಗುತ್ತಿದ್ದಾರೆ.

ಮೊದಲ ಮಾತು ಯಾವುದು... ಇಲ್ಲಿ ಕೂತ್ಕೊಳ್ಳಿ, ನಿಮಗೊಂದು —