ಇಬ್ಬರು ಹಣಮಮ್ಮಂದಿರು

ಜೇವರ್ಗಿ ಕಾಲೋನಿ, ಕಲಬುರಗಿ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಅವ್ವಾ,

ಜೈ ಭೀಮ್. ಕಾಲಿನ ಹುಣ್ಣು ಮಾಯಿತೋ ಇಲ್ಲವೋ? ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಕೂತಿರುತ್ತೀ, ನನಗೆ ಗೊತ್ತು. ಸೋಮವಾರ ತಪ್ಪದೆ ದವಾಖಾನೆಗೆ ಹೋಗು. ಹಿಂದೊಮ್ಮೆ ಪೆನ್ಸಿಲಿನ್ ಸೂಜಿ ಮಾಡಿಸಿಕೊಂಡು ಮುಖವೆಲ್ಲ ಊದಿ, ಉಸಿರು ಸಿಕ್ಕಿಕೊಂಡು, ನಿನ್ನನ್ನು ಟಂಟಂ ಆಟೋದಲ್ಲಿ ಕಲಬುರಗಿಗೆ ತಂದದ್ದನ್ನು ನಾನಿನ್ನೂ ಮರೆತಿಲ್ಲ. ಈ ಪತ್ರ ಓದಿ ಹೇಳುತ್ತಿರುವ ನಿನ್ನ ಮೊಮ್ಮಗಳು ಚಿನ್ನಿಗೂ ಒಂದು ಮಾತು: ನಿನ್ನಪ್ಪ ಮನೆಯಲ್ಲಿಲ್ಲದಾಗ ಓದು, ಸಾಲು ನುಂಗದೆ ಓದು. ಅರ್ಧ ಕೇಳಿದರೆ ನಿನ್ನ ಆಯಿ ಉಳಿದರ್ಧ ತಾನೇ ಕಟ್ಟಿಕೊಳ್ಳುತ್ತಾಳೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮನೆಗೆಲ್ಲ ಇರುವ ಒಂದು ಫೋನು ಪ್ರೇಮಕುಮಾರಣ್ಣನ ಜೇಬಿನಲ್ಲಿ. ಅವನೇ ನಮ್ಮ ಆಫೀಸಿನ ಮೇಲಧಿಕಾರಿ ಆನಂದಕುಮಾರ ಸರ್‌ಗೆ ಕೈಮುಗಿದು ಕೊಡಿಸಿದ ಕೆಲಸ ಇದು. ನಾನು ಅವರಿಗೆ ಎದುರಾಡಿದೆನೆಂದು ಗೊತ್ತಾದರೆ ಹಾರಾಡಿಬಿಡುತ್ತಾನೆ. ಅದಕ್ಕೇ ದಿನಾ ಕಮಲಾಪುರಕ್ಕೆ ಬಸ್ಸಿನಲ್ಲಿ ಹೋಗಿಬರುವ ನರ್ಸ್ ಮೆಹರುನ್ನಿಸಾ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಿನ್ನ ಮಗಳು ಕಂಪ್ಯೂಟರಿನಲ್ಲಿ ಏನು ಮಾಡುತ್ತಾಳೆ ಎಂದು ಓಣಿಯವರು ಕೇಳುತ್ತಾರಂತೆ. ಹೀಗೆ ಹೇಳು: ನಮ್ಮ ಆಸ್ಪತ್ರೆಯವರಿಗೆ ಕಲಬುರಗಿಯಲ್ಲಿ, ಕಮಲಾಪುರದಲ್ಲಿ, ಅಲ್ಲಲ್ಲಿ ದವಾಖಾನೆಗಳಿವೆ. ಒಂದೊಂದರಲ್ಲಿ ಒಂದೊಂದು ಥರ ಬರೆದಿಟ್ಟ ರೋಗಿಗಳ ವಿವರವನ್ನೆಲ್ಲ ತಂದು, ಹಸನು ಮಾಡಿ, ಒಂದೇ ಕಡೆ ಇಡುವ ಉಗ್ರಾಣ ಕಟ್ಟುತ್ತಿದ್ದೇವೆ. ಡೇಟಾ ವೇರ್‌ಹೌಸ್ ಎನ್ನುತ್ತಾರೆ. ಜೋಳ ಹಸನು ಮಾಡಿದ ಹಾಗೆಯೇ. ಆದರೆ ಕಲ್ಲು ಯಾವುದು, ಕಾಳು ಯಾವುದು ಎಂದು ಕಮಲಾಪುರದವರನ್ನು ಯಾರೂ ಹೋಗಿ ಕೇಳಲಿಲ್ಲ.

ಒಬ್ಬರದೇ ವಿವರ ಎರಡು ಕಡೆ ಇದ್ದರೆ ಕೂಡಿಸಲು ಒಂದು ನಿಯಮ ಬರೆದಿದ್ದಾರೆ: ಹೆಸರು, ಓಣಿ, ಫೋನ್ ನಂಬರ್ ಒಂದೇ ಆದರೆ ಮನುಷ್ಯರೂ ಒಬ್ಬರೇ. ಕಮಲಾಪುರದ ಹಳೇ ಕಂಪ್ಯೂಟರಿನಲ್ಲಿ ವಯಸ್ಸಿನ ಜಾಗ ಬಹಳಷ್ಟು ಖಾಲಿ, ಹಾಗಾಗಿ ವಯಸ್ಸನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನಮ್ಮಲ್ಲಿ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುತ್ತಾರೆ. ಅತ್ತೆಯ ಹೆಸರು ಬಾಯಲ್ಲಿ ಬರಬಾರದೆಂದು ತ್ರಿವೇಣಿ ಅತ್ತಿಗೆ ಮಗಳನ್ನು ಚಿನ್ನಿ ಎಂದು ಕರೆದರೂ ದವಾಖಾನೆಯಲ್ಲಿ ಬರೆಸುವುದು ನಿನ್ನದೇ ಹೆಸರು, ಹಣಮಮ್ಮ ಎಂದೇ. ಇದೆಲ್ಲ ಆ ನಿಯಮ ಬರೆದವರಿಗೆ ಹೇಗೆ ಗೊತ್ತಾಗಬೇಕು? ನಿಮ್ಮಿಬ್ಬರ ಹಾಗೆ ಊರಲ್ಲಿ ಎಷ್ಟೋ ಅಜ್ಜಿ ಮೊಮ್ಮಕ್ಕಳು ಒಬ್ಬರೇ ಆಗಿ ಕೂತಿದ್ದಾರೆ.

ಸರ್‌ಗೆ ಹೇಳಿದೆ. "ಹೆಸರು ಒಂದ, ಓಣಿ ಒಂದ, ನಂಬರ್ ಒಂದ, ಮತ್ತ ಇಬ್ಬರು ಹೆಂಗ ಆಗ್ತಾರ?" ಎಂದರು. "ನಮ್ಮ ಮನ್ಯಾಗ ಆಗ್ಯಾರ್ರೀ ಸರ್" ಎಂದೆ. ನಕ್ಕರು. ಕೆಟ್ಟವರಲ್ಲ, ಸೋಮವಾರವೇ ಈ ಉಗ್ರಾಣದ ಉದ್ಘಾಟನೆ ಎಂದು ಮಾಲೀಕರಿಗೆ ಮಾತು ಕೊಟ್ಟು ಅವರೂ ಸಿಕ್ಕಿಬಿದ್ದಿದ್ದಾರೆ. ಅನುಮಾನವಿದ್ದವರನ್ನು ಕೂಡಿಸದೆ ಬೇರೆ ಇಡೋಣ, ಒಬ್ಬರನ್ನು ಕಮಲಾಪುರಕ್ಕೆ ಕಳಿಸಿ ವಯಸ್ಸು ಕೇಳಿಸೋಣ ಎಂದೆ. "ಮೊದಲ ಸುರು ಆಗ್ಲಿ ಪಂಚಶೀಲಾ, ಆಮ್ಯಾಲ ನೋಡೂಣು" ಎಂದರು. ತಡೆಯಲಾರದೆ ನಾನೇ ಯಾರಿಗೂ ಹೇಳದೆ ನಿಮ್ಮಿಬ್ಬರನ್ನು ಬೇರೆ ಮಾಡಿದೆ. ಮರುದಿನ ನೋಡಿದರೆ ರಾತ್ರಿ ಕಂಪ್ಯೂಟರು ತಾನಾಗಿ ಆ ನಿಯಮ ನಡೆಸಿ ಮತ್ತೆ ಕೂಡಿಸಿಟ್ಟಿತ್ತು. ತಪಾಸಣೆ ಮಾಡುವವಳು ನಾನಾದ್ದರಿಂದ ಎಲ್ಲ ಸರಿಯಿದೆ ಎಂಬ ಹಾಳೆಗೆ ನನ್ನದೇ ಸಹಿ ಬೇಕಂತೆ. ಹಾಕದಿದ್ದರೆ ಸರ್ ಕೆಲಸಕ್ಕೂ ಸಂಚಕಾರ, ಅಣ್ಣನ ಮಾನವೂ ಹೋಗುತ್ತದೆ. ಉದ್ಘಾಟನೆ ಮುಗಿಯುವವರೆಗೆ ಯಾರಿಗೂ ರಜೆಯಿಲ್ಲ. ಕಮಲಾಪುರ ಇಲ್ಲಿಂದ ಎಷ್ಟು ದೂರ ಅವ್ವಾ, ಬಸ್ಸು ಹತ್ತಿದರೆ ಒಂದು ತಾಸು. ಎದ್ದು ಬಂದುಬಿಡೋಣ ಎನಿಸುತ್ತದೆ, ಆಗುತ್ತಿಲ್ಲ.

ಅತ್ತಿಗೆಗೆ ಜೈ ಭೀಮ್ ತಿಳಿಸು. ಕೆಂಪು ಬಾಳೆಹಣ್ಣು ಬಂದಿದ್ದರೆ ಮೆಹರುನ್ನಿಸಾ ಕೈಯಲ್ಲಿ ನಾಲ್ಕು ಕಳಿಸು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಮಗಳು,
ಪಂಚಶೀಲಾ

ತಾ.ಕ.: ಅವ್ವಾ, ನಿಮ್ಮಿಬ್ಬರನ್ನು ಕೂಡಿಸಿದಾಗ ಉಳಿದದ್ದು ಚಿನ್ನಿಯ ವಿವರ. ನಿನಗೆ ಪೆನ್ಸಿಲಿನ್ ಆಗಿಬರುವುದಿಲ್ಲ ಎಂದು ಬರೆದಿದ್ದದ್ದು ಹೋಗಿದೆ. ಸೋಮವಾರ ಡಾಕ್ಟರು ಕಂಪ್ಯೂಟರ್ ನೋಡಿ ಏನೂ ತೊಂದರೆಯಿಲ್ಲ ಎನ್ನುತ್ತಾರೆ, ನಂಬಬೇಡ. ಅವರು ಸೂಜಿ ತೆಗೆಯುವ ಮೊದಲೇ ಬಾಯಿಬಿಟ್ಟು ಹೇಳು. ಮೊಮ್ಮಗಳಿಗೆ ತಮ್ಮ ಹೆಸರಿಟ್ಟ ಓಣಿಯ ಮುದುಕಿಯರಿಗೆಲ್ಲ ಹೇಳು. ನಾನು ಹೇಳಿದೆ ಎನ್ನಬೇಡ. ಎಲ್ಲ ಸರಿಯಿದೆ ಎಂದು ಇವತ್ತು ಮಧ್ಯಾಹ್ನವೇ ಸಹಿ ಹಾಕಿದ್ದೇನೆ.