ಓದಿಯೇ ಒತ್ತಿದ್ದು

ಐರೋಲಿ, ಸೆಕ್ಟರ್ ೮
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ತಮ್ಮ ರಂಜನ್‌ಗೆ,

ಹೇಗಿದ್ದೀಯಾ? ಖಾರಘರದಲ್ಲಿ ಬೆಟ್ಟದ ಕಡೆಯಿಂದ ಈಗ ಬೆಳಗಿನ ಚಳಿ ಇಳಿಯುತ್ತಿರಬೇಕು. ಒದ್ದೆ ತಲೆಯಲ್ಲಿ ಲೋಕಲ್ ಹತ್ತಬೇಡ, ನಿನ್ನ ಸೈನಸ್ ಸುಮ್ಮನಿರುವುದಿಲ್ಲ. ಊಟಕ್ಕೆ ಡಬ್ಬಾ ಹಾಕಿಸಿಕೊಂಡಿದ್ದೀಯೋ, ಇನ್ನೂ ವಡಾಪಾವ್ ಮೇಲೆಯೇ ದಿನ ದೂಡುತ್ತಿದ್ದೀಯೋ? ನಾವಿಬ್ಬರೂ ಆರೋಗ್ಯ. ಪಪ್ಪನ ಮೊಣಕಾಲು ಮಾತ್ರ ಸ್ಟೇಷನ್ ಮೆಟ್ಟಿಲು ಕಂಡರೆ ತಕರಾರು ಮಾಡುತ್ತದೆ. ನೀನು ಫೋನ್ ಎತ್ತುವುದಿಲ್ಲ. ಮೆಸೇಜು ಓದಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ. ಅಕ್ಷರ ಕೆಟ್ಟದಾಗಿದೆ ಎಂದು ನಗಬೇಡ, ಪೆನ್ನು ಹಿಡಿದು ಯಾವ ಕಾಲವಾಯಿತೋ.

ಮನೆಯ ಸಂಗತಿ ಹೇಗೆ ಹೇಳಲಿ? ಕುಕ್ಕರ್ ಸೀಟಿ ಹೊಡೆದರೆ ಪಪ್ಪ ಪೇಪರಿನಿಂದ ತಲೆಯೆತ್ತುತ್ತಾರೆ. ಅಮ್ಮ ಮಾತಾಡಿಟ್ಟ ಪ್ರತಿ ರೆಕಾರ್ಡಿಂಗಿನ ಹಿಂದೆಯೂ ಕುಕ್ಕರ್ ಕೂಗುತ್ತಿತ್ತಲ್ಲ, ಅದಕ್ಕೆ. ಸೀಟಿ ಬಂದಮೇಲೆ ದನಿ ಬರಬೇಕೆಂದು ಅವರ ಕಿವಿ ಕಾಯುತ್ತದೆ. ಹೋದ ವಾರ ಒಂದು ಸಂಜೆ ನಾನು ಅಡುಗೆಮನೆಯಿಂದ “ಚಾ ಆಂಡ್, ಬಲೆ” ಎಂದು, ಚಹಾ ಆಯಿತು ಬನ್ನಿ ಎಂದು, ಅಮ್ಮನ ಹಾಗೆಯೇ ತುಳುವಿನಲ್ಲಿ ಕರೆದೆ. ಪಪ್ಪ ಚಪ್ಪಲಿಯನ್ನೂ ಮೆಟ್ಟದೆ ಸರಸರ ಬಂದವರು ಬಾಗಿಲ ಬಳಿ ನನ್ನನ್ನು ನೋಡಿ ನಿಂತುಬಿಟ್ಟರು. ಒಂದು ಕೈ ಚೌಕಟ್ಟಿನ ಮೇಲಿತ್ತು. ಆಮೇಲೆ ಏನೂ ಆಗದವರಂತೆ ಲೋಟ ತೆಗೆದುಕೊಂಡು ಹೋದರು. ಆವತ್ತಿನಿಂದ ನಾನು ಅವರನ್ನು ಕೂಗಿ ಕರೆಯುವುದಿಲ್ಲ, ಹತ್ತಿರ ಹೋಗಿ ಹೇಳುತ್ತೇನೆ. ಇನ್ನೊಂದು ಭಯವನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಅಮ್ಮನ ದನಿಯನ್ನು ನೆನೆಸಿಕೊಳ್ಳಲು ಕೂತರೆ ಈಚೆಗೆ ನನ್ನದೇ ದನಿ ಕೇಳಿಸುತ್ತದೆ.

ಆ ದಿನದ ಮಾತು ನಿನಗೆ ಬೇಡ, ಗೊತ್ತು. ಆದರೂ ಅದನ್ನು ದಾಟದೆ ಮುಂದಿನದು ಬರೆಯಲಾರೆ. ಆಸ್ಪತ್ರೆಗೆ ಓಡಾಡಿದ ಕೊನೆಯ ವರ್ಷವೆಲ್ಲ ಅಮ್ಮ ಫೋನಿಗೆ ಮಾತಾಡಿದಳು: ಪುಂಡಿಗೆ ಅಕ್ಕಿ ಎಷ್ಟು ತರಿಯಾಗಿರಬೇಕು, ಸೊಸೈಟಿಯ ನೀರು ಯಾವಾಗ ನಿಲ್ಲುತ್ತದೆ, ಕಾಪುವಿನಲ್ಲಿ ಅಜ್ಜಿ ಹೇಳಿಕೊಟ್ಟ ಹಾಡು, ಪಪ್ಪನ ಮೇಲಿನ ದೂರು. ಅವಳು ಹೋದಮೇಲೆ ಫೋನೂ ಸತ್ತಿತು. ಅಂಗಡಿಯವನಿಂದ ಹೇಗೋ ಮಾಡಿ ಎಲ್ಲವನ್ನೂ ತೆಗೆಸಿ ನಿನ್ನ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡವನು ನೀನು. ಇನ್ನೊಂದು ಪ್ರತಿ ಇರಲಿ ಎಂದು ಹೊಸ ಡಿಸ್ಕ್ ತಂದವನೂ ನೀನೇ. ಎರಡು ಫೋಲ್ಡರುಗಳನ್ನು ಸಮ ಮಾಡುವ ಆ ಪುಕ್ಕಟೆ ಟೂಲಿಗೆ ನೀನು ಕಪ್ಪು ಪರದೆಯಲ್ಲಿ ಒಂದು ಸಾಲು ಆಜ್ಞೆ ಟೈಪ್ ಮಾಡಿದೆ: ಮೊದಲು ಅಮ್ಮನ ಫೋಲ್ಡರು, ಆಮೇಲೆ ಡಿಸ್ಕಿನ ಖಾಲಿ ಫೋಲ್ಡರು. ಅದು ಎರಡನ್ನೂ ಸಮ ಮಾಡಿತು, ಎರಡೂ ಖಾಲಿಯಾದವು. ಠಾಣೆ ಪೇಟೆಯ ಆ ಡೇಟಾ ರಿಕವರಿ ಅಂಗಡಿಯವರೂ ಕೈಚೆಲ್ಲಿದರು. ಆಗ ಪಪ್ಪ, “ಓದದೆ ಒತ್ತಿದಿಯಾ?” ಎಂದು ಕೇಳಿದರು. “ಓದಿಯೇ ಒತ್ತಿದ್ದು ಪಪ್ಪಾ” ಎಂದೆ ನೀನು. ಅವರು ನಂಬಲಿಲ್ಲ. ವಾಗ್ಲೆ ಕೈಗಾರಿಕಾ ಎಸ್ಟೇಟಿನ ಕಂಪನಿಯಲ್ಲಿ ಇಡೀ ನೌಕರಿಯನ್ನು ಕಪ್ಪು ಪರದೆಯ ಮುಂದೆಯೇ ಕಳೆದವರು ಅವರು. ಓದಿದವನು ತಪ್ಪುವುದಿಲ್ಲ ಎಂಬುದು ಅವರ ಲೆಕ್ಕ. ಮುಂದಿನ ವಾರ ನೀನು ಬ್ಯಾಗ್ ಕಟ್ಟಿಕೊಂಡು ಖಾರಘರಕ್ಕೆ ಹೋದೆ.

ನಾನು ಹೊಟ್ಟೆಪಾಡಿಗೆ ಮಾಡುವುದೇ ಇಂಥ ಟೂಲುಗಳ ಕೈಪಿಡಿ ಬರೆಯುವ ಕೆಲಸ. ಆದರೂ ಆ ಟೂಲಿನ ಸಹಾಯ ಪುಟವನ್ನು ತೆರೆಯಲು ತಿಂಗಳುಗಟ್ಟಲೆ ಧೈರ್ಯ ಬರಲಿಲ್ಲ. ಗಣೇಶನ ಹಬ್ಬದ ರಜೆಯಲ್ಲಿ ತೆರೆದೆ. ಕನ್ನಡದಲ್ಲಿ ಹೇಳುವುದಾದರೆ ಅದರ ಮೊದಲ ಸಾಲು ಇಷ್ಟೇ: “ಎರಡು ಫೋಲ್ಡರುಗಳನ್ನು ಒಂದೇ ಥರ ಮಾಡುತ್ತದೆ, ಹೆಚ್ಚಿನದನ್ನು ತೆಗೆಯುತ್ತದೆ.” ಯಾವುದರಂತೆ ಯಾವುದು? ಎಲ್ಲಿಂದ ತೆಗೆಯುತ್ತದೆ? ಕೆಳಗೆ ಒಂದಕ್ಕೊಂದು ಅಂಟಿಕೊಂಡ ಆಯ್ಕೆಗಳ ಸಾಲು ಸಾಲು, ಉದಾಹರಣೆ ಒಂದೂ ಇಲ್ಲ. ಎರಡನೆಯ ಹೆಸರೇ ಮೂಲ ಎಂಬ ಮಾತು ಕಟ್ಟಕಡೆಯಲ್ಲಿ, ಬೇರೆ ಯಾವುದನ್ನೋ ವಿವರಿಸುವಾಗ ಬಾಯಿ ತಪ್ಪಿ ಬಂದಂತೆ ಇತ್ತು. ರಂಜು, ನಾನಾಗಿದ್ದರೂ ನೀನು ಟೈಪ್ ಮಾಡಿದ್ದನ್ನೇ ಮಾಡುತ್ತಿದ್ದೆ.

ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬೊಬ್ಬರನ್ನೇ ಹಿಡಿದು ಕೂರಿಸಿದೆ. ಆಟಕ್ಕೆಂದು ಎರಡು ಫೋಲ್ಡರು, ಮುಂದೆ ಹಳೆಯ ಪುಟ. ಇದರದ್ದನ್ನು ಅದಕ್ಕೆ ನಕಲು ಮಾಡಿ ಎಂದೆ. ಹೆಚ್ಚಿನವರು ಖಾಲಿ ಮಾಡಿದರು. ಪಕ್ಕದ ಸೀಟಿನ ಸೋನಾಲಿ ಪರದೆ ನೋಡಿ, “ಪಣ್ ಮೀ ನೀಟ್ ವಾಚ್ಲಂ ಹೋತಂ” ಎಂದಳು. ಸರಿಯಾಗಿಯೇ ಓದಿದ್ದೆನಲ್ಲ ಎಂದು. ನಿನ್ನದೇ ಮಾತು ಮರಾಠಿಯಲ್ಲಿ ಎದ್ದು ಬಂದ ಹಾಗಿತ್ತು, ನಾನು ಎದ್ದು ಬಾತ್‌ರೂಮಿಗೆ ಹೋಗಿ ನಿಂತೆ. ಟೂಲನ್ನು ನೋಡಿಕೊಳ್ಳುವ ಕಶ್ಯಪ ಎಂಬ ಪುಣೆಯ ಹುಡುಗನಿಗೆ ಬರೆದೆ. ಬಳಸುವವರಿಗೆಲ್ಲ ಇದು ಗೊತ್ತೇ ಇರುತ್ತದೆ, ಪುಟ ಚಿಕ್ಕದಾಗಿದ್ದರೆ ಚಂದ ಎಂದ. ಜನ ಎಲ್ಲಿ ಎಡವಿದರೆಂದು ಬರೆದು ಕಳಿಸಿದೆ. ಆಮೇಲೂ ವಾದಿಸಿದ. ಕೊನೆಗೆ, ನೀವು ಕಳೆದುಕೊಂಡಿದ್ದು ಏನು ಎಂದು ಅವನು ಕೇಳಿದಾಗ ನಮ್ಮ ಅಮ್ಮನ ದನಿ ಎಂದೆ. ಎರಡು ದಿನದ ನಂತರ, ನೀವೇ ಬರೆಯಿರಿ ಅಕ್ಕ, ನಾನು ಸೇರಿಸುತ್ತೇನೆ ಎಂದು ಬರೆದ.

ಈಗ ಎಲ್ಲಕ್ಕಿಂತ ಮೇಲೆ ಒಂದು ಉದಾಹರಣೆ ಇದೆ. ಅದರ ಕೆಳಗೆ: “ಎರಡನೆಯ ಫೋಲ್ಡರಿನಲ್ಲಿ ಇರುವುದು ಮಾತ್ರ ಉಳಿಯುತ್ತದೆ. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದ್ದು ಅಳಿಸಿಹೋಗುತ್ತದೆ. ಮರಳಿ ಬರುವುದಿಲ್ಲ.” ಏನೇನು ಅಳಿಯಲಿದೆ ಎಂದು ಮೊದಲೇ ತೋರಿಸುವ ಆಯ್ಕೆ ಮುಂಚಿನಿಂದಲೂ ಇತ್ತು, ಯಾರ ಕಣ್ಣಿಗೂ ಬೀಳದಂತೆ. ಅದನ್ನು ಎರಡನೆಯ ಸಾಲಿಗೆ ತಂದೆ. ಪುಟದಲ್ಲಿ ನನಗೆ ಕಷ್ಟವಾದದ್ದು ಆ ಕೊನೆಯ ಎರಡು ಪದ ಮಾತ್ರ. ಟೈಪ್ ಮಾಡುವುದು, ಅಳಿಸುವುದು, ಮತ್ತೆ ಟೈಪ್ ಮಾಡುವುದು. ಎಷ್ಟೆಂದರೂ ನಿಜ ತಾನೆ, ಬಿಟ್ಟೆ.

ಇವತ್ತು ಬೆಳಿಗ್ಗೆ ತಿಂಡಿಯಾದಮೇಲೆ ಪಪ್ಪ ತಾವಾಗಿಯೇ ಲ್ಯಾಪ್‌ಟಾಪಿನ ಬಳಿ ಬಂದು ಏನು ಬರೆಯುತ್ತಿದ್ದೀ ಎಂದು ಕೇಳಿದರು. ನಾನು ಯಾವ ಟೂಲೆಂದು ಹೇಳಲಿಲ್ಲ. ಹಳೆಯ ಪುಟ ತೆರೆದು, ಆಟದ ಫೋಲ್ಡರುಗಳನ್ನು ತೋರಿಸಿ, ನೀವೊಮ್ಮೆ ಮಾಡಿ ನೋಡಿ ಎಂದೆ. ಮೋಸ ಎಂದರೆ ಮೋಸವೇ. ಕಪ್ಪು ಪರದೆ ಕಂಡು ಅವರಿಗೆ ಹುರುಪು ಬಂತು. ಕನ್ನಡಕ ಒರೆಸಿಕೊಂಡರು. ಬೆರಳಿಟ್ಟು ಪುಟವನ್ನು ಮೇಲಿಂದ ಕೆಳಗೆ ಓದಿದರು, ಮತ್ತೆ ಮೊದಲಿನಿಂದ ಓದಿದರು. ನಿಧಾನವಾಗಿ ಟೈಪ್ ಮಾಡಿ ಒತ್ತಿದರು. ಫೋಲ್ಡರು ತೆರೆದು ನೋಡಿದರೆ ಖಾಲಿ. “ದಾದ ಆಂಡ್?” ಎಂದು ನನ್ನ ಮುಖ ನೋಡಿದರು. ಏನಾಯಿತೆಂದು ಕೇಳಿದ್ದಕ್ಕೆ, ಇದು ಆವತ್ತು ರಂಜು ಬಳಸಿದ ಟೂಲು ಎಂದೆ ಅಷ್ಟೇ. ಅವರು ಕೈಯನ್ನು ಕೀಬೋರ್ಡಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಈಗ ಬಾಲ್ಕನಿಯಲ್ಲಿದ್ದಾರೆ, ಖಾಡಿಯ ಹಿನ್ನೀರಿನ ಕಡೆ ಮುಖ ಮಾಡಿಕೊಂಡು. ಚಹಾ ಆರಿಹೋಯಿತು.

ನಿನ್ನ ಮೇಲೆ ನನಗೆ ಯಾವತ್ತೂ ಕೋಪವಿರಲಿಲ್ಲ. ಮೈ ನೋಡಿಕೋ, ಸಮಯಕ್ಕೆ ಉಣ್ಣು. ಅಮ್ಮ ಇದ್ದಿದ್ದರೆ ತಲೆ ಸವರಿ ಹೇಳುತ್ತಿದ್ದುದನ್ನೆಲ್ಲ ನಾನು ಹೇಳಿದೆನೆಂದು ತಿಳಿ.

ನಿನ್ನ ಅಕ್ಕ,
ಪ್ರಣೀತಾ

ತಾ.ಕ.: ಕವರಿಗೆ ಗೋಂದು ಹಚ್ಚುತ್ತಿದ್ದಾಗ ಪಪ್ಪ ಒಳಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾರೆ. “ನಾನೂ ಅವಳನ್ನು ಅಳಿಸಿಬಿಡುತ್ತಿದ್ದೆ” ಎಂದರು. ಕಾಗದ ಪೋಸ್ಟಿಗೆ ಬೇಡವಂತೆ, ತಾವೇ ಪನ್ವೇಲ್ ಲೋಕಲ್ ಹಿಡಿದು ಖಾರಘರಕ್ಕೆ ತರುತ್ತಾರಂತೆ. ಫೋನ್ ಮಾಡಿ ಹೇಳುತ್ತೇನೆಂದರೆ ಬೇಡ ಎಂದರು, ನೀನು ಎಲ್ಲಾದರೂ ಹೊರಟುಬಿಟ್ಟೀಯೆಂದು ಹೆದರಿಕೆ. ಇದನ್ನು ನಿನ್ನ ಕೈಗೆ ಕೊಟ್ಟವರು ಅವರೇ, ಬಾಗಿಲಲ್ಲೇ ನಿಂತಿರುತ್ತಾರೆ. ಇಷ್ಟು ಹೊತ್ತು ನಿಲ್ಲಿಸಿ ಓದಿದ್ದು ಸಾಕು, ಒಳಗೆ ಕರಿ.