ಏಳನೇ ಕೊಠಡಿಯಲ್ಲಿ ಸೀನಿದವರು ಯಾರು

ನಿವೃತ್ತ ಸಾರಿಗೆ ನೌಕರರ ವಸತಿಗೃಹದ ಆಡಳಿತಾಧಿಕಾರಿಗಳೇ,

ನನ್ನ ಕೊಠಡಿಯಲ್ಲಿ ಹೆಂಗಸಿಲ್ಲ. ಇದ್ದಿದ್ದರೆ ಈ ಪತ್ರವನ್ನು ಪತ್ರಿಕೆಗೆ ಕಳುಹಿಸುವ ಮೊದಲು ಅವಳಿಗೆ ಓದಿ ಹೇಳುತ್ತಿದ್ದೆ. ಅವಳು ಅರ್ಧಕ್ಕರ್ಧ ಹೊಡೆದುಹಾಕುತ್ತಿದ್ದಳು. ತಮಗೂ ಓದುವ ಶ್ರಮ ಕಡಿಮೆಯಾಗುತ್ತಿತ್ತು.

ಸೋಮವಾರ ತಮ್ಮ ಕಚೇರಿಯಿಂದ ಬಂದ ನೋಟಿಸಿನ ಸಾರ ಓದುಗರಿಗೂ ತಿಳಿಯಲಿ. ‘ಏಳನೇ ಕೊಠಡಿಯ ಒಂಟಿ ನಿವಾಸಿಯು ಅನುಮತಿಯಿಲ್ಲದೆ ಓರ್ವ ಮಹಿಳೆಯನ್ನು ಇರಿಸಿಕೊಂಡಿದ್ದು, ಸದರಿ ಮಹಿಳೆಗೆ ತೀವ್ರ ನೆಗಡಿ ಹಾಗೂ ಉಸಿರಾಟದ ತೊಂದರೆ ಇರುವುದು ಕಂಡುಬಂದಿರುತ್ತದೆ. ಏಳು ದಿನಗಳೊಳಗೆ ಆಕೆಯನ್ನು ಹೊರಕಳುಹಿಸತಕ್ಕದ್ದು. ತಪ್ಪಿದಲ್ಲಿ ಹಂಚಿಕೆಯನ್ನು ರದ್ದುಪಡಿಸಲಾಗುವುದು.’ ಕಂಡುಬಂದಿರುತ್ತದೆ ಎಂದರೆ ಯಾರ ಕಣ್ಣಿಗೆ, ಸ್ವಾಮಿ? ಯಾರೂ ನೋಡಿಲ್ಲ. ಬಾಗಿಲಿಗೆ ಕಿವಿಯಿಟ್ಟು ಕೇಳಿದ್ದಾರೆ. ಕಿವಿಯಲ್ಲಿ ಕೇಳಿದ್ದು ತಮ್ಮ ಕಚೇರಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಕಣ್ಣಾರೆ ಕಂಡದ್ದಾಗಿಬಿಡುತ್ತದೆ. ಎಂತಹ ಮೆಟ್ಟಿಲು, ಎಂತಹ ಪವಾಡ.

ಸೀನಿದ್ದು ಬೆಕ್ಕು. ನೆಗಡಿ ಬೆಕ್ಕಿನದು. ಹೆಣ್ಣುದನಿ ನನ್ನದು. ಇದನ್ನು ಬಿಡಿಸಿ ಹೇಳದಿದ್ದರೆ ತಾವು ನಂಬುವುದಿಲ್ಲ, ಆದ್ದರಿಂದ ಬಿಡಿಸುತ್ತೇನೆ.

ನಾನು ಬಣ್ಣದ ಪೆಟ್ಟಿಗೆಯ ಪಕ್ಕದಲ್ಲಿ ಬೆಳೆದವನು. ನಮ್ಮಪ್ಪ ನಾಟಕದ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದರು. ಕಟ್ಟಕಡೆಯ ಸಾಲಿನಲ್ಲಿ ತೂಕಡಿಸುತ್ತ ಕೂತವನೂ ಬೆಚ್ಚಿ ಏಳಬೇಕು, ಅದೇ ಮಾತು, ಉಳಿದದ್ದೆಲ್ಲ ಗೊಣಗಾಟ ಎಂದು ಕಲಿಸಿದರು. ಆ ಕಂಠವನ್ನೇ ಹೊತ್ತು ಬಸ್ ನಿಲ್ದಾಣಕ್ಕೆ ಬಂದೆ. ಮೂವತ್ತೊಂದು ವರ್ಷ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ ಎಂದು ಜನಸಾಗರಕ್ಕೆ ಸಾರಿದೆ. ಸಾವಿರ ಜನ ಕೇಳುತ್ತಿದ್ದರು, ಒಬ್ಬರೂ ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಡುವವಳು ಮನೆಯಲ್ಲಿದ್ದಳು. ನಾಲ್ಕು ವರ್ಷದ ಹಿಂದೆ ಅವಳು ತೀರಿಕೊಂಡಳು. ಒಂಬತ್ತನೇ ದಿನಕ್ಕೆ ತಮ್ಮ ಕಚೇರಿಯವರು ಬಂದು, ಜೋಡಿ ಮನೆಯಿಂದ ಒಂಟಿ ಕೊಠಡಿಗೆ ನನ್ನನ್ನು ಸಾಗಿಸಿದರು. ಬಚ್ಚಲ ನಲ್ಲಿ ಸೋರುತ್ತದೆ ಎಂದು ಬರೆದ ಅರ್ಜಿಗೆ ಎರಡು ವರ್ಷವಾದರೂ ಉತ್ತರವಿಲ್ಲ. ಇಬ್ಬರಲ್ಲಿ ಒಬ್ಬರು ಕಡಿಮೆಯಾದದ್ದು ಮಾತ್ರ ತಮಗೆ ಎಷ್ಟು ಬೇಗ ತಿಳಿಯಿತು.

ಆಮೇಲೆ ಕಂಠಕ್ಕೆ ಕೆಲಸವಿಲ್ಲ. ಅಂಗಡಿಯಲ್ಲಿ ಬೆರಳು ತೋರಿಸಿದರೆ ಸಾಮಾನು ಬರುತ್ತದೆ. ಓಣಿಯಲ್ಲಿ ತಲೆಯಾಡಿಸಿದರೆ ನಮಸ್ಕಾರ ಮುಗಿಯುತ್ತದೆ. ಒಮ್ಮೆ ಹನ್ನೊಂದು ದಿನ ನಾನು ಒಂದೇ ಒಂದು ಮಾತಾಡಿರಲಿಲ್ಲ. ಲೆಕ್ಕ ಹಾಕಿದ್ದು ಹನ್ನೆರಡನೇ ದಿನ, ಬಾಗಿಲ ಸಂದಿಗೆ ಬೆರಳು ಸಿಕ್ಕಿ ‘ಅಯ್ಯೋ’ ಅಂದಾಗ. ನನ್ನ ದನಿ ನನಗೇ ಪರಿಚಯವಿಲ್ಲದವರದ್ದೆನಿಸಿತು.

ಮೂರು ವಾರದ ಹಿಂದೆ ನೀರಿನ ಮೀಟರಿನ ಪೆಟ್ಟಿಗೆಯ ಹಿಂದೆ ಈ ಬೆಕ್ಕು ಸಿಕ್ಕಿತು. ಕಣ್ಣೆರಡೂ ಅಂಟಿಕೊಂಡು ಮುಚ್ಚಿದ್ದವು. ಮೂಗಿನಿಂದ ಹಳದಿ ಸಿಂಬಳ. ಉಸಿರು ಬಾಯಿಯಿಂದ, ಗೊರಗೊರ ಸದ್ದು. ಅಂತಹ ಸ್ಥಿತಿಯಲ್ಲೂ ಕತ್ತು ಮಾತ್ರ ನೆಟ್ಟಗಿತ್ತು, ರಾಜ್ಯ ಹೋದರೂ ಗತ್ತು ಹೋಗದವಳ ಹಾಗೆ. ಪಟ್ಟದರಸಿ ಎಂದು ಹೆಸರಿಟ್ಟು ಅಂಗಿಯಲ್ಲಿ ಸುತ್ತಿ ತಂದೆ. ಎರಡು ದಿನ ಮೀನಿಟ್ಟರೂ ಮೂಸಲಿಲ್ಲ. ಮೂರನೇ ದಿನ ಪಶುವೈದ್ಯೆಯ ಬಳಿಗೆ ಓಡಿದೆ.

“ನನ್ನ ಮೇಲೆ ಮುನಿಸಿಕೊಂಡಿದೆ ಅನ್ಸುತ್ತೆ ಡಾಕ್ಟ್ರೇ, ಏನೂ ಮುಟ್ತಿಲ್ಲ” ಎಂದೆ.

“ನೀವೇನು ಅದರ ಗಂಡಾನಾ, ಮುನಿಸಿಕೊಳ್ಳೋಕೆ? ಮೂಗು ಕಟ್ಟಿದೆ ಯಜಮಾನ್ರೇ. ವಾಸನೆ ಹತ್ತದಿದ್ರೆ ಬೆಕ್ಕು ಬಾಯಿ ಹಾಕಲ್ಲ. ಹೀಗೇ ಉಪವಾಸ ಇದ್ರೆ ಲಿವರ್ ಕೆಡುತ್ತೆ. ಮೀನು ಬೆಚ್ಚಗೆ ಮಾಡಿ, ವಾಸನೆ ಏಳಬೇಕು.”

“ಎದೆಗೆ ಸ್ವಲ್ಪ ನೆಗಡಿ ಮುಲಾಮು ಹಚ್ಚಲಾ?”

“ಹಚ್ಚಿ. ಆಮೇಲೆ ಇಲ್ಲಿಗೆ ತರಬೇಡಿ, ಹಾಗೇ ಗುಂಡಿ ತೋಡಿ. ನೆಕ್ಕಿದ್ರೆ ವಿಷ ಅದು. ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿ, ಹಬೆಯಲ್ಲಿ ಕಾಲು ಗಂಟೆ ಕೂರಿಸಿ, ದಿನಕ್ಕೆ ಎರಡು ಸಲ. ಔಷಧಿ ಕೋರ್ಸು ಪೂರ್ತಿ ಮುಗೀಬೇಕು, ಚೇತರಿಸಿಕೊಳ್ತು ಅಂತ ಮಧ್ಯದಲ್ಲಿ ಬಿಟ್ರೆ ಮತ್ತೆ ಮೊದಲಿಂದ. ಮತ್ತೆ, ಮಾತಾಡಿಸ್ತಾ ಇರಿ. ಹೆದರಿದ್ರೆ ಉಸಿರು ಇನ್ನೂ ಕಟ್ಟುತ್ತೆ. ಮಾತಾಡೋಕೆ ಬರುತ್ತೆ ತಾನೆ?”

ಮಾತಾಡೋಕೆ ಬರುತ್ತೆ ತಾನೆ. ಮೂವತ್ತೊಂದು ವರ್ಷದ ಸೇವೆಯಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ.

ಅಂದಿನಿಂದ ಬೆಳಿಗ್ಗೆ ಸಂಜೆ ಹಬೆಯಲ್ಲಿ ನನ್ನ ದರ್ಬಾರು. ತೊಡೆಯ ಮೇಲೆ ಟವೆಲು, ಟವೆಲಿನಲ್ಲಿ ಪಟ್ಟದರಸಿ. ಉಗುರುಬೆಚ್ಚನೆ ನೀರಿನ ಹತ್ತಿಯಿಂದ ಕಣ್ಣೊರೆಸಿ, ಮೂಗೊರೆಸಿ, ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಸಂದಿಗೆ ಔಷಧಿ ಬಿಡುತ್ತಿದ್ದೆ. ಜೊತೆಗೆ ಮಾತು. ಆದರೆ ನಾಟಕದವರ ಮಗನಿಗೆ ಒಂದು ಚಾಳಿಯಿದೆ, ಎದುರು ಪಾತ್ರ ಸುಮ್ಮನಿದ್ದರೆ ಆ ಮಾತನ್ನೂ ತಾನೇ ಎತ್ತಿಕೊಳ್ಳುತ್ತಾನೆ. ರಂಗ ಬರಿದಾಗಬಾರದು ನೋಡಿ. “ಪಟ್ಟದರಸೀ, ಬಾಯಿ ತೆರೆ” ಎಂದು ನಾನು ಗುಡುಗುವುದು, ತೆಳುದನಿಯಲ್ಲಿ ನಾನೇ ಉತ್ತರಿಸುವುದು, ನಡುನಡುವೆ ಅವಳು ಸೀನುವುದು. ಇಷ್ಟೇ ತಮ್ಮ ಅನಧಿಕೃತ ಮಹಿಳೆ.

ಹಾಗಾದರೆ ನೋಟಿಸು ತಂದ ಮೇಲ್ವಿಚಾರಕರಿಗೆ ಅಲ್ಲೇ ಏಕೆ ಹೇಳಲಿಲ್ಲ ಎಂದು ಕೇಳುವಿರಿ. ಅಲ್ಲಿಯೇ ನಾನು ಎಡವಿದ್ದು.

“ಅವರನ್ನ ಸ್ವಲ್ಪ ಹೊರಗೆ ಕರೀರಿ” ಎಂದರು.

“ಯಾರನ್ನ?”

“ಅದೇ, ಅಮ್ಮಾವ್ರನ್ನ. ದಿನಾ ಕೇಳ್ತೀನಲ್ಲ. ಈ ವಯಸ್ಸಲ್ಲಿ ಜೊತೆ ಬೇಕು ಅನ್ಸುತ್ತೆ, ತಪ್ಪಲ್ಲ ಬಿಡಿ. ಆದ್ರೆ ನನ್ನ ಕೆಲಸ ನಾನು ಮಾಡ್ಬೇಕಲ್ಲ.”

ಒಳಗೆ ಅವಳು ಸೀನಿದಳು. ನನ್ನ ಕಣ್ಣೆದುರು ತಮ್ಮ ಹದಿನಾಲ್ಕನೇ ನಿಯಮ ಬಂದು ನಿಂತಿತು. ವಸತಿಗೃಹದಲ್ಲಿ ಪ್ರಾಣಿಗಳನ್ನು ಇರಿಸಿಕೊಳ್ಳುವಂತಿಲ್ಲ, ಕಂಡಲ್ಲಿ ತಕ್ಷಣ ಹೊರಹಾಕಲಾಗುವುದು. ಹೆಂಗಸಿಗಾದರೆ ಏಳು ದಿನದ ಗಡುವು, ಬೆಕ್ಕಿಗೆ ಏಳು ನಿಮಿಷವೂ ಇಲ್ಲ. “ನನ್ನ ತಂಗಿ, ಹುಷಾರಿಲ್ಲ, ಮಲಗಿದ್ದಾಳೆ” ಎಂದು ಸುಳ್ಳು ಹೇಳಿ ಸಹಿ ಹಾಕಿದೆ. ನನಗೆ ತಂಗಿಯೇ ಇಲ್ಲ. ಆ ಸುಳ್ಳನ್ನು ಇಂದು ಊರೆಲ್ಲ ಓದುವ ಹಾಗೆ ಹಿಂದಕ್ಕೆ ಪಡೆಯುತ್ತಿದ್ದೇನೆ. ಗಡುವು ಇರುವುದು ಬರುವ ಸೋಮವಾರದವರೆಗೆ. ಔಷಧಿ ಮುಗಿಯಲು ಅದರ ಮೇಲೆ ಇನ್ನೂ ಐದು ದಿನ ಬೇಕು. ಈಗಷ್ಟೇ ಒಂದು ಕಣ್ಣು ಪೂರ್ತಿ ತೆರೆದಿದೆ. ಈ ಸ್ಥಿತಿಯಲ್ಲಿ ಅವಳನ್ನು ಮೀಟರಿನ ಪೆಟ್ಟಿಗೆಯ ಹಿಂದೆ ಬಿಟ್ಟು ಬರುವ ಪಾರ್ಟನ್ನು ನನಗೆ ಯಾರೂ ಕಲಿಸಿಲ್ಲ.

ಬುಧವಾರ ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರು ಕನಿಕರಪಟ್ಟು, ಮೇಲ್ವಿಚಾರಕರ ವರದಿಯನ್ನು ನಿಂತಲ್ಲೇ ಓದಲು ಕೊಟ್ಟರು. ಒಳ್ಳೆಯ ಕಿವಿ ಅವರದು, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದ್ದಾರೆ. ‘ಸದರಿ ಮಹಿಳೆಯು, “ಇಷ್ಟು ಬಿಸಿ ಇದ್ರೆ ಯಾರ್ರೀ ತಿಂತಾರೆ? ಆರಲಿ ಬಿಡಿ. ನಿಮಗೆ ಎಲ್ಲದಕ್ಕೂ ಆತುರ” ಎಂದು ಹೇಳಿದ್ದು ಕೇಳಿಬಂದಿರುತ್ತದೆ.’

ಆ ಸಾಲನ್ನು ಮೂರು ಸಲ ಓದಿದೆ. ಅದು ಬೆಕ್ಕಿಗೆಂದು ನಾನು ಕಟ್ಟಿದ ಮಾತಲ್ಲ. ಮೂವತ್ತು ವರ್ಷ ನನ್ನ ತಟ್ಟೆಯೆದುರು ಕೂತು ನನ್ನ ಹೆಂಡತಿ ಆಡಿದ ಮಾತು. ಆಡುವಾಗ ನನಗದು ಗೊತ್ತೇ ಆಗಿರಲಿಲ್ಲ. ಓದುವಾಗ ತಿಳಿಯಿತು. ಇದರ ಪ್ರತಿಯೊಂದು ಬೇಕು ಎನ್ನುವಷ್ಟರಲ್ಲಿ ಗುಮಾಸ್ತರು ಕಡತವನ್ನು ಹಿಂದಕ್ಕೆ ತೆಗೆದುಕೊಂಡರು. ಪ್ರತಿ ಕೊಡಲು ಮೇಲಿನವರ ಅಪ್ಪಣೆ ಬೇಕಂತೆ.

ಆದ್ದರಿಂದ ಮೇಲಿನವರೇ, ನನ್ನ ಬೇಡಿಕೆ ಕೇಳಿ. ಪಟ್ಟದರಸಿಯನ್ನು ಔಷಧಿ ಮುಗಿಯುವ ತನಕವಲ್ಲ, ಅವಳಿರುವ ತನಕ ಏಳನೇ ಕೊಠಡಿಯಲ್ಲಿ ಇರಲು ಬಿಡಬೇಕು. ಹಾಗೆಂದು ಲಿಖಿತವಾಗಿ ಕೊಡಬೇಕು. ಒಂಟಿ ಕೊಠಡಿಗಳ ಮಟ್ಟಿಗಾದರೂ ಆ ಹದಿನಾಲ್ಕನೇ ನಿಯಮವನ್ನು ತೆಗೆದುಹಾಕಬೇಕು, ಏಕೆಂದರೆ ನನ್ನ ಸಾಲಿನಲ್ಲೇ ಮಾತಿಲ್ಲದ ಬಾಗಿಲು ಇನ್ನೂ ಐದಿವೆ. ಸಾಧ್ಯವಿಲ್ಲವೆಂದರೆ ಕೊಠಡಿ ರದ್ದುಮಾಡಿ. ಸೋಮವಾರ ಇಬ್ಬರೂ ಒಟ್ಟಿಗೆ ಹೊರಡುತ್ತೇವೆ.

ಕೊಠಡಿ ಉಳಿಯಲಿ, ಹೋಗಲಿ, ಆ ವರದಿಯನ್ನು ಸುಳ್ಳು ಎಂದು ಹರಿದುಹಾಕಬೇಡಿ. ಆ ಸಾಲಿರುವ ಎರಡನೇ ಪುಟದ ದೃಢೀಕೃತ ಪ್ರತಿಯೊಂದನ್ನು ನನಗೆ ಕೊಡಿಸಿ. ನನ್ನವಳು ಮಾತಾಡಿದ್ದನ್ನು ನಾನಲ್ಲದೆ ಇನ್ನೊಬ್ಬರು ಕೇಳಿದ್ದಕ್ಕೆ ನನ್ನ ಬಳಿ ಬೇರೆ ದಾಖಲೆಯಿಲ್ಲ.

ಇಂತಿ,
ತಮ್ಮ ಕಡತದ ಪ್ರಕಾರ ಇಬ್ಬರಾಗಿರುವ,
ಏಳನೇ ಕೊಠಡಿಯ ಒಬ್ಬ